ಗಿಡ ನೆಡಲು ಜನ ಇದ್ದಾರೆ, ನಲ್ಲಿಯ ಕೀಲಿ ಯಾರ ಹತ್ತಿರ?

ಹೋದ ಬೇಸಗೆಯಲ್ಲಿ ಹಳ್ಳಿಯಿಂದ ಪೇಟೆಗೆ ಬಂದ ಹಿರಿಯರೊಬ್ಬರು ನಮ್ಮ ಪಾರ್ಕಿನ ಗೇಟಿನ ಹೊರಗೆ ನಿಂತು ನೋಡುತ್ತಿದ್ದರು. ಒಳಗೆ ನಾವು ನಾಲ್ಕೈದು ಜನ ಕೊಡಪಾನ ಹಿಡಿದು ಗಿಡಕ್ಕೆ ನೀರು ಹೊಯ್ಯುತ್ತಿದ್ದೆವು. "ಸುತ್ತ ಇಷ್ಟು ಕಾಡು ಇಟ್ಕೊಂಡು ಇದೆಂಥದು ತಮಾ, ಪೇಟೆ ಮಧ್ಯೆ ಹತ್ತು ಗಿಡಕ್ಕೆ ಬೇಲಿ ಹಾಕಿ ಒದ್ದಾಡ್ತಾ ಇದ್ದೀರಿ?" ಅಂದರು. ನಕ್ಕು ಸುಮ್ಮನಾದೆ. ಪ್ರಶ್ನೆ ಮಾತ್ರ ತಲೆಯಲ್ಲೇ ಉಳಿಯಿತು.

ಕೇಳಿದ್ದರಲ್ಲಿ ತಪ್ಪೇನಿಲ್ಲ. ಉತ್ತರ ಕನ್ನಡದ ಸುಮಾರು ಶೇ. 80 ಭಾಗ ಕಾಡು. ಶಿರಸಿಯಿಂದ ಯಾವ ದಿಕ್ಕಿಗೆ ಹೊರಟರೂ ಸ್ವಲ್ಪ ಹೊತ್ತಿಗೆಲ್ಲ ಮರಗಳ ನಡುವೆ ಇರುತ್ತೇವೆ. ಕಾರವಾರದಲ್ಲಂತೂ ಒಂದು ಕಡೆ ಗುಡ್ಡ, ಒಂದು ಕಡೆ ಕಡಲು, ಪಕ್ಕದಲ್ಲಿ ಕಾಳಿ ನದಿ. ಇಂಥ ಊರುಗಳಿಗೆ ಪಾರ್ಕು ಯಾಕೆ?

ಯಾಕೆ ಅಂದರೆ ಮನೆಯ ಅಂಗಳ ಹೋಯಿತು. ಮೊದಲು ಪೇಟೆಯ ಮನೆಗೂ ಮುಂದೆ ಅಂಗಳ, ಹಿಂದೆ ಹಿತ್ತಲು ಇರುತ್ತಿತ್ತು. ಹಿತ್ತಲಲ್ಲಿ ಒಂದು ಹಲಸು, ಒಂದು ನುಗ್ಗೆ, ನಾಲ್ಕು ಬಾಳೆ. ಈಗ ಎರಡು ಮೂರು ಗುಂಟೆಯ ಸೈಟಿನಲ್ಲಿ ಅಂಚಿನಿಂದ ಅಂಚಿಗೆ ಮನೆ ಕಟ್ಟುತ್ತೇವೆ. ಉಳಿದ ನೆಲಕ್ಕೆ ಇಂಟರ್‌ಲಾಕ್. ಆರು ವರ್ಷದ ಮಗು ಸಂಜೆ ಐದು ಗಂಟೆಗೆ ಕಾಡಿಗೆ ಹೋಗಿ ಆಡುವುದಿಲ್ಲ. ಮಂಡಿನೋವಿನ ಅಜ್ಜಿಗೆ ಮನೆಯಿಂದ ಇನ್ನೂರು ಹೆಜ್ಜೆಯೊಳಗೆ ಕೂರಲು ಒಂದು ಕಟ್ಟೆ ಬೇಕು. ಎಲ್ಲರ ಅಂಗಳಕ್ಕೂ ಬದಲಿಯಾಗಿ ಉಳಿದಿರುವ ಜಾಗ ಈ ಪಾರ್ಕು.

ಎಷ್ಟು ಬೇಕು ಅನ್ನುವುದಕ್ಕೆ ಒಂದು ಅಳತೆ ಇದೆ. ಕೇಂದ್ರ ಸರ್ಕಾರ 2014ರಲ್ಲಿ ಹೊರಡಿಸಿದ ನಗರ ಯೋಜನೆಯ ಮಾರ್ಗಸೂಚಿ ತಲೆಗೆ 10ರಿಂದ 12 ಚದರ ಮೀಟರ್ ಬಯಲು ಜಾಗ ಇರಲಿ ಅನ್ನುತ್ತದೆ. 5 ಸಾವಿರ ಜನ ಇರುವ ಬಡಾವಣೆಗೆ ಅರ್ಧ ಹೆಕ್ಟೇರ್, ಅಂದರೆ ಸುಮಾರು 50 ಗುಂಟೆಯ ಒಂದು ಪಾರ್ಕು. 2011ರ ಜನಗಣತಿಯಲ್ಲಿ ಕಾರವಾರದ ಜನಸಂಖ್ಯೆ 77 ಸಾವಿರ. ಆ ಲೆಕ್ಕಕ್ಕೆ ಊರಿಗೆ ಕಡಿಮೆಯೆಂದರೂ 190 ಎಕರೆ ಬಯಲು ಬೇಕು, ಬಡಾವಣೆ ಮಟ್ಟದ ಪಾರ್ಕುಗಳೇ 15 ಬೇಕು. ಕಡಲತೀರವನ್ನು ಸೇರಿಸಿಕೊಂಡರೆ ಮೊದಲನೆಯ ಲೆಕ್ಕ ಸ್ವಲ್ಪ ಹಗುರಾಗುತ್ತದೆ. ಎರಡನೆಯದು ಆಗುವುದಿಲ್ಲ. ಕಡಲತೀರ ಒಂದೇ ಉದ್ದಕ್ಕೆ ಇದೆ, ಬಡಾವಣೆಗಳು ಒಳಗೊಳಗೆ ಹಬ್ಬಿವೆ.

ಇಷ್ಟಾಗಿಯೂ ನಮ್ಮ ಊರುಗಳ ನಿಜವಾದ ತೊಂದರೆ ಪಾರ್ಕು ಕಡಿಮೆ ಅನ್ನುವುದಲ್ಲ ಅಂತ ನನಗೆ ಅನ್ನಿಸುತ್ತದೆ. ಇರುವ ಪಾರ್ಕುಗಳೇ ಸಾಯುತ್ತಿವೆ. ಉದ್ಘಾಟನೆಯ ಕಲ್ಲು ಗಟ್ಟಿಯಾಗಿ ನಿಂತಿರುತ್ತದೆ, ಅದರ ಹಿಂದೆ ಯುಪಟೋರಿಯಂ ಕಳೆ ಆಳೆತ್ತರ ಬೆಳೆದಿರುತ್ತದೆ. ಜಾರುಬಂಡೆಗೆ ತುಕ್ಕು. ಓಪನ್ ಜಿಮ್ಮಿನ ಒಂದು ಕಾಲು ಮುರಿದಿರುತ್ತದೆ. ಗೇಟಿಗೆ ಬೀಗ, ಕಾಂಪೌಂಡಿಗೆ ತೂತು.

ಇದು ಯಾರದೋ ಸೋಮಾರಿತನ ಅಂತ ಬೈದು ಮುಗಿಸಬಹುದು. ಆದರೆ ಹಣ ಯಾವ ದಾರಿಯಲ್ಲಿ ಬರುತ್ತದೆ ಅಂತ ನೋಡಿದರೆ ಬೇರೆಯೇ ಕಾಣುತ್ತದೆ. 2015ರಲ್ಲಿ ಕೇಂದ್ರ ಸರ್ಕಾರದ ನಗರಾಭಿವೃದ್ಧಿಯ ಅಮೃತ್ ಯೋಜನೆ ಬಂದಾಗ ಅದರಲ್ಲಿ ಶೇ. 2.5ರಷ್ಟು ಹಣವನ್ನು ಪಾರ್ಕಿಗೆ ಅಂತಲೇ ಇಟ್ಟಿದ್ದರು. ಅದು ಮುಖ್ಯವಾಗಿ ಲಕ್ಷ ಜನಸಂಖ್ಯೆ ದಾಟಿದ ಊರುಗಳಿಗಾಗಿ ಬಂದ ಯೋಜನೆ. ಕಾರವಾರ, ಶಿರಸಿ ಎರಡೂ ಹೊರಗುಳಿದವು. 2021ರ ಅಮೃತ್ 2.0 ಸಣ್ಣ ಊರುಗಳನ್ನೂ ಒಳಗೆ ತಂದಿತು. ಆದರೆ ಯೋಜನೆಯ ಹಣ ಸಾಮಾನ್ಯವಾಗಿ ಕಟ್ಟುವುದಕ್ಕೆ ಬರುತ್ತದೆ, ನೋಡಿಕೊಳ್ಳುವುದಕ್ಕೆ ಬರುವುದಿಲ್ಲ. ಇನ್ನು 15ನೇ ಹಣಕಾಸು ಆಯೋಗದ ಅನುದಾನ. 2021ರಿಂದ 2026ರವರೆಗೆ ಸಣ್ಣ ಊರುಗಳಿಗೆ ಸಿಕ್ಕ ಆ ಹಣದಲ್ಲಿ ಶೇ. 60ನ್ನು ಕುಡಿಯುವ ನೀರಿಗೂ ಕಸ-ನೈರ್ಮಲ್ಯಕ್ಕೂ ಕಟ್ಟಿಹಾಕಲಾಗಿತ್ತು. ಉಳಿದ ಶೇ. 40ರಲ್ಲಿ ಸಂಬಳ ಕೊಡುವ ಹಾಗಿರಲಿಲ್ಲ. ಪಾರ್ಕಿಗೆ ಬೇಕಾದದ್ದು ಮಾತ್ರ ಸಂಬಳವೇ. ದಿನಾ ಬಂದು ಗೇಟು ತೆಗೆದು, ನೀರು ಬಿಟ್ಟು, ಕಳೆ ಕಿತ್ತು ಹೋಗುವ ಒಬ್ಬ ಮನುಷ್ಯ.

ಹಾಗಾಗಿ ಏನಾಗುತ್ತದೆ? ಮಾರ್ಚ್ ತಿಂಗಳೊಳಗೆ ಖರ್ಚು ಮಾಡಬೇಕಾದ ಹಣ ಪೇವರ್ಸ್, ಗ್ರಿಲ್ಲು, ದೀಪದ ಕಂಬ, ಕಾರಂಜಿಯಾಗುತ್ತದೆ. ಬಿಲ್ ಮಾಡಲು ಅವೇ ಸುಲಭ, ಅಳತೆ ಪುಸ್ತಕದಲ್ಲಿ ಬರೆಯಬಹುದು. ಗಿಡದ ಬುಡಕ್ಕೆ ಮೂರು ವರ್ಷ ನೀರು ಹೊಯ್ದದ್ದನ್ನು ಯಾವ ಅಳತೆ ಪುಸ್ತಕದಲ್ಲಿ ಬರೆಯುವುದು? ಕಾರಂಜಿ ಎರಡನೇ ಮಳೆಗಾಲಕ್ಕೆ ಸೊಳ್ಳೆ ಸಾಕುವ ತೊಟ್ಟಿಯಾಗುತ್ತದೆ. (ಸಣ್ಣ ಊರಿನ ಪಾರ್ಕಿಗೆ ಕಾರಂಜಿ ಬೇಕು ಅಂತ ಮೊದಲು ಹೇಳಿದವರು ಯಾರೋ ಗೊತ್ತಿಲ್ಲ. ವರ್ಷಕ್ಕೆ ನಾಲ್ಕು ತಿಂಗಳು ಆಕಾಶವೇ ಕಾರಂಜಿಯಾಗಿರುವ ಜಿಲ್ಲೆ ಇದು.)

ಇನ್ನೊಂದು ತೊಡಕಿದೆ, ಹೊರಗಿನವರಿಗೆ ಕಾಣುವುದಿಲ್ಲ. ಖಾಸಗಿ ಬಡಾವಣೆ ಮಾಡುವವರು ನಕ್ಷೆಯಲ್ಲಿ ಪಾರ್ಕಿಗೆ ಜಾಗ ಬಿಡಲೇಬೇಕು, ಆಮೇಲೆ ಅದನ್ನು ಸ್ಥಳೀಯ ಸಂಸ್ಥೆಗೆ ಪುಕ್ಕಟೆ ಬರೆದುಕೊಡಬೇಕು. ಈ ಹಸ್ತಾಂತರ ಎಷ್ಟೋ ಕಡೆ ಅರ್ಧಕ್ಕೇ ನಿಂತಿರುತ್ತದೆ. ಸೈಟುಗಳೆಲ್ಲ ಮಾರಾಟವಾಗಿ ಮನೆಗಳೂ ಎದ್ದಿರುತ್ತವೆ, ಪಾರ್ಕಿನ ಜಾಗ ಮಾತ್ರ ಕಾಗದದಲ್ಲಿ ಯಾರದ್ದೂ ಅಲ್ಲದೆ ಕೂತಿರುತ್ತದೆ. ತನ್ನದಲ್ಲದ ಜಾಗಕ್ಕೆ ಸ್ಥಳೀಯ ಸಂಸ್ಥೆ ಹಣ ಹಾಕಲಾರದು. ಅಂಥ ಜಾಗಕ್ಕೆ ಮೊದಲು ಮರಳು-ಜಲ್ಲಿ ಬಂದು ಬೀಳುತ್ತದೆ, ಆಮೇಲೆ ಕಾರು ಬಂದು ನಿಲ್ಲುತ್ತದೆ.

ಈ ಖಾಲಿ ಜಾಗಕ್ಕೆ ಇಳಿಯುವವರೇ ಸ್ವಯಂಸೇವಕರು. ನಿವೃತ್ತ ಮೇಷ್ಟ್ರು, ಬ್ಯಾಂಕಿನವರು, ಕಾಲೇಜು ಹುಡುಗರು, ಬೆಳಿಗ್ಗೆ ವಾಕಿಂಗ್ ಬರುವ ಅಕ್ಕಂದಿರು. ನಮ್ಮ ಜಿಲ್ಲೆಗೆ ಇದು ಹೊಸದಲ್ಲ. ಶಿರಸಿಯಲ್ಲಿ ಜೀವಜಲ ಕಾರ್ಯಪಡೆಯವರು ಹೂಳು ತುಂಬಿದ ಕೆರೆಗಳಿಗೆ ಮರುಜೀವ ಕೊಟ್ಟದ್ದು ಊರವರ ಹಣ, ಊರವರ ದುಡಿಮೆಯಿಂದ. ಅದಕ್ಕೂ ಹಿಂದೆ, 1983ರ ಸೆಪ್ಟೆಂಬರಿನಲ್ಲಿ, ಶಿರಸಿ ಹತ್ತಿರದ ಸಾಲ್ಕಣಿ ಸುತ್ತಿನ ಜನ ಕಾಡಿಗೆ ಹೋಗಿ ಮರ ಅಪ್ಪಿಕೊಂಡು ಕಡಿತ ನಿಲ್ಲಿಸಿದ್ದರು, ಅದೇ ಅಪ್ಪಿಕೋ ಚಳವಳಿ. 2020ರ ಜನವರಿಯಲ್ಲಿ ಬಂದರು ವಿಸ್ತರಣೆ ಟ್ಯಾಗೋರ್ ಕಡಲತೀರದ ಹತ್ತಿರ ಬಂದಾಗ ಕಾರವಾರದವರು ಬೀದಿಗಿಳಿದರು. ಮೀನುಗಾರರಿಗೆ ಅದು ಹೊಟ್ಟೆಪಾಡಿನ ಪ್ರಶ್ನೆ. ಊರಿನ ಉಳಿದವರಿಗೆ ಸಂಜೆ ಹೋಗಿ ಕೂರುವ ಒಂದೇ ಒಂದು ದೊಡ್ಡ ಬಯಲಿನ ಪ್ರಶ್ನೆಯೂ ಆಗಿತ್ತು. ಜನರಿಗೆ ಕಾಳಜಿ ಇಲ್ಲ ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ.

ಕಾಳಜಿ ಇದ್ದರೂ ಗಿಡ ಯಾಕೆ ಸಾಯುತ್ತದೆ ಅನ್ನುವುದಕ್ಕೆ ನಮ್ಮದೇ ಉದಾಹರಣೆ ಹೇಳುತ್ತೇನೆ. ನಮ್ಮದು ಘಟ್ಟದ ಮೇಲಿನ ಊರು. ಯಾವ ಬಡಾವಣೆ, ಯಾವ ಕಚೇರಿ ಅಂತ ಬೇಡ, ಕಥೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಪರಿಸರ ದಿನಕ್ಕೆ ಗಿಡ ಬಂದವು, ಫೋಟೊ ತೆಗೆದೆವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯೇ ಎಲ್ಲ ನೋಡಿಕೊಂಡಿತು. ನಾವೂ ಭಾರಿ ಕೆಲಸ ಮಾಡಿದೆವು ಅಂದುಕೊಂಡೆವು. ಡಿಸೆಂಬರ್ ಹೊತ್ತಿಗೆ ಮಣ್ಣು ಬಿರಿಯಿತು. ಪಾರ್ಕಿನಲ್ಲಿ ಬೋರ್‌ವೆಲ್ ಇತ್ತು, ಮೋಟರ್ ಇತ್ತು, ನಲ್ಲಿಯೂ ಇತ್ತು. ಮೋಟರ್ ಪೆಟ್ಟಿಗೆಗೆ ಬೀಗ ಹಾಕಿತ್ತು. ಕೀಲಿ ಗುತ್ತಿಗೆದಾರರ ಕಡೆಯವರ ಹತ್ತಿರ, ಅವರ ಗುತ್ತಿಗೆ ಮುಗಿದಿತ್ತು. ಕಚೇರಿಗೆ ಹೋದರೆ "ನೀವು ಯಾರು, ನಿಮಗೆ ಯಾವ ಆಧಾರದ ಮೇಲೆ ಕೊಡುವುದು?" ಅಂತ ಕೇಳಿದರು. ನಿಜ ಹೇಳಬೇಕೆಂದರೆ ಅವರ ಪ್ರಶ್ನೆಯೂ ಸರಿಯೇ. ನಾವು ಯಾರು? ಒಂದು ವಾಟ್ಸ್ಆ್ಯಪ್ ಗುಂಪು. ನಾಳೆ ಮೋಟರ್ ಸುಟ್ಟರೆ ಯಾರು ಜವಾಬ್ದಾರಿ? ಮಾರ್ಚ್ ಬರುವ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಗಿಡ ಒಣಗಿದ್ದವು. ಉಳಿದದ್ದು ಪಕ್ಕದ ಮನೆಯವರು ತಮ್ಮ ಬಾವಿಯಿಂದ ಪೈಪು ಎಳೆದುಕೊಟ್ಟ ಮೇಲೆ.

ನೀರು ಬೇಕಾದ ಕಾಲಕ್ಕೇ ಜನ ಸಿಗುವುದಿಲ್ಲ ಅನ್ನುವುದೂ ನಮ್ಮ ಕಡೆಯ ವಿಶೇಷ. ನವೆಂಬರ್‌ನಿಂದ ಅಡಿಕೆ ಕೊಯ್ಲು, ಪೇಟೆಯಲ್ಲಿರುವವರೂ ಊರಿಗೆ ಓಡಬೇಕು. ಫೆಬ್ರವರಿಯಿಂದ ಪರೀಕ್ಷೆ. ಎರಡು ವರ್ಷಕ್ಕೊಮ್ಮೆ ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ. ಏಪ್ರಿಲ್, ಮೇ ಬಂತೆಂದರೆ ಮದುವೆ, ಉಪನಯನ. ಭಾನುವಾರದ ಶ್ರಮದಾನಕ್ಕೆ ಜುಲೈಯಲ್ಲಿ ಇಪ್ಪತ್ತೈದು ಜನ ಬಂದರೆ ಏಪ್ರಿಲ್‌ನಲ್ಲಿ ಮೂರು ಜನ. ಆ ಮೂವರು ಯಾವಾಗಲೂ ಅವರೇ.

ಇರಲಿ, ಎಷ್ಟು ನೀರು ಬೇಕು? ಇದನ್ನು ಕೂತು ಲೆಕ್ಕ ಹಾಕಿದಾಗ ನನಗೇ ಆಶ್ಚರ್ಯವಾಯಿತು. 50 ಗಿಡ, ಗಿಡಕ್ಕೆ 10 ಲೀಟರಿನಂತೆ ವಾರಕ್ಕೆ ಎರಡು ಸಲ. ವಾರಕ್ಕೆ 1,000 ಲೀಟರ್. ಫೆಬ್ರವರಿಯಿಂದ ಮೇ ಕೊನೆಯವರೆಗೆ 16-17 ವಾರ ಹಿಡಿದರೆ 17 ಸಾವಿರ ಲೀಟರ್ ಒಳಗೇ ಮುಗಿಯಿತು. ಈಗ ಹುಲ್ಲುಹಾಸು ನೋಡಿ. ಬೇಸಗೆಯಲ್ಲಿ ಹುಲ್ಲು ದಿನಕ್ಕೆ 4ರಿಂದ 5 ಮಿಲಿಮೀಟರ್ ನೀರು ಕುಡಿಯುತ್ತದೆ, ಅಂದರೆ ಚದರ ಮೀಟರಿಗೆ ಅಷ್ಟೇ ಲೀಟರ್. ಐದು ಗುಂಟೆ ಹುಲ್ಲುಹಾಸಿಗೆ ದಿನಕ್ಕೆ 2,000 ಲೀಟರಿಗಿಂತ ಜಾಸ್ತಿ. ಐವತ್ತು ಗಿಡ ಇಡೀ ಬೇಸಗೆ ಕುಡಿಯುವ ನೀರನ್ನು ಈ ಹುಲ್ಲು ಎಂಟು ದಿನದಲ್ಲಿ ಮುಗಿಸುತ್ತದೆ! ಮೇ ತಿಂಗಳಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಊರಿನಲ್ಲಿ ಹುಲ್ಲುಹಾಸು ಹಾಕಿ ಪಾರ್ಕು ಅನ್ನುವುದು ನನ್ನ ಪ್ರಕಾರ ಮೂರ್ಖತನ. ಅದೇ ಐದು ಗುಂಟೆಯ ಮೇಲೆ ಮಳೆಗಾಲದಲ್ಲಿ ಬೀಳುವ ನೀರು 12 ಲಕ್ಷ ಲೀಟರಿನಷ್ಟು. ಎಲ್ಲ ಚರಂಡಿಗೆ ಹೋಗುತ್ತದೆ, ಯಾಕೆಂದರೆ ಸುತ್ತ ಪೇವರ್ಸ್ ಹಾಕಿದ್ದೇವೆ.

ತೋಟಿಗರಿಗೆ ಇದು ಹೇಳಿಕೊಡಬೇಕಾದ ವಿಷಯವೇ ಅಲ್ಲ. ಅಡಿಕೆ ಮರದ ಬುಡಕ್ಕೆ ಸೊಪ್ಪು, ದರಕು (ಒಣಗಿ ಉದುರಿದ ಎಲೆ) ಹಾಕಿ ಮಣ್ಣಿನ ತಂಪು ಕಾಯುವುದು ನಮ್ಮಲ್ಲಿ ಎಷ್ಟೋ ತಲೆಮಾರಿನ ರೂಢಿ. ಅದೇ ಜನ ಪೇಟೆಗೆ ಬಂದರೆ ಪಾರ್ಕಿನ ದರಕು ಗುಡಿಸಿ ರಾಶಿ ಮಾಡಿ ಬೆಂಕಿ ಕೊಡುತ್ತಾರೆ. ಬುಡ ಬತ್ತಲೆ ಮಾಡಿ ಸುತ್ತ ಸುಣ್ಣದ ಕಲ್ಲಿಟ್ಟರೆ 'ಚಂದ' ಅನ್ನುವ ಭಾವನೆ. 2016ರ ಘನತ್ಯಾಜ್ಯ ನಿಯಮಗಳಲ್ಲೇ ಕಸ ಸುಡಬಾರದು, ಪಾರ್ಕಿನ ಎಲೆಕಸವನ್ನು ಆದಷ್ಟು ಅಲ್ಲೇ ಗೊಬ್ಬರ ಮಾಡಬೇಕು ಅಂತ ಇತ್ತು. ನಾವು ಎರಡನೇ ವರ್ಷ ಬುಡಕ್ಕೆ ಗೇಣುದ್ದ ದರಕು ತುಂಬಿದೆವು. ನೀರು ವಾರಕ್ಕೆ ಒಂದೇ ಸಲ ಸಾಕಾಯಿತು. ನೋಡಲು ಗಲೀಜು ಅಂತ ದೂರು ಬಂತು, ಅದು ಬೇರೆ ವಿಷಯ.

ಯಾವ ಗಿಡ ಅನ್ನುವುದೂ ಇಲ್ಲಿಗೇ ಸೇರುತ್ತದೆ. ನೋಡಿಕೊಳ್ಳುವವರಿಲ್ಲದ ಕಡೆ, ನೋಡಿಕೊಳ್ಳದೆ ಬದುಕುವ ಗಿಡವೇ ಗೆಲ್ಲುತ್ತದೆ. ಜಿಲ್ಲೆಯ ಗುಡ್ಡಗಳಲ್ಲಿ ಅಕೇಶಿಯಾ ತುಂಬಿದ್ದು ಹಾಗೆಯೇ. ದನ ತಿನ್ನುವುದಿಲ್ಲ, ಬೇಗ ಬೆಳೆಯುತ್ತದೆ, ನೆಟ್ಟದ್ದಕ್ಕೆ ಲೆಕ್ಕ ತೋರಿಸಬಹುದು. ಕೆಳಗೆ ಬೇರೆ ಏನೂ ಏಳುವುದಿಲ್ಲ, ಎಲೆಯೂ ಬೇಗ ಕೊಳೆಯುವುದಿಲ್ಲ. ಕರಾವಳಿಯಲ್ಲಿ ಅದೇ ಜಾಗವನ್ನು ಗಾಳಿ ಮರ ಹಿಡಿದಿದೆ. ಗಾಳಿ ಮರವನ್ನು ನಾನು ಪೂರ್ತಿ ಬೈಯುವುದಿಲ್ಲ, ಕಾರವಾರದ ಕಡಲತೀರದ ಮಧ್ಯಾಹ್ನದ ನೆರಳು ಅದೇ. ಆದರೆ ಉಪ್ಪುಗಾಳಿಗೆ ಹೆದರದ ನಮ್ಮವೇ ಮರಗಳಿವೆ. ಸುರಹೊನ್ನೆ, ಹೊಂಗೆ, ಮರಳಿನ ಅಂಚಿಗೆ ಮುಂಡಿಗೆ. ಮರಳನ್ನೇ ಹಿಡಿದು ನಿಲ್ಲಿಸಲು ಬಂಗಡಬಳ್ಳಿ. ಅದನ್ನು ಕಳೆ ಅಂತ ಕಿತ್ತು ಸ್ವಚ್ಛ ಮಾಡುವವರನ್ನು ಕಂಡಿದ್ದೇನೆ. ಘಟ್ಟದ ಮೇಲಾದರೆ ರಂಜಲು (ಬಕುಳ), ಸುರಗಿ, ನೇರಳೆ, ಮುರುಗಲು. ಇವು ನಿಧಾನ. ಮೊದಲ ಮೂರು ಬೇಸಗೆ ಕೈಹಿಡಿದು ದಾಟಿಸಬೇಕು. ಆಮೇಲೆ ನಮ್ಮ ಹಂಗಿಲ್ಲ.

ಮೂರು ಬೇಸಗೆ ದಾಟಿಸುವವರು ಯಾರು? ಮತ್ತೆ ಕೀಲಿಯ ಪ್ರಶ್ನೆಗೇ ಬಂದೆವು, ಅಲ್ವಾ?

ಗೇಟಿನ ಕೀಲಿಯದೂ ಒಂದು ಕಥೆ. ಹೆಚ್ಚಿನ ಪಾರ್ಕುಗಳು ಬೆಳಿಗ್ಗೆ, ಸಂಜೆ ತೆರೆದಿರುತ್ತವೆ, ಮಧ್ಯಾಹ್ನ ಮುಚ್ಚಿರುತ್ತವೆ. ತಾಲೂಕು ಊರಿನಲ್ಲಿ ಮಧ್ಯಾಹ್ನ ಯಾರಿಗೆ ನೆರಳು ಬೇಕು ಅಂತ ಯಾರೂ ಕೇಳಿದಂತಿಲ್ಲ. ಹಳ್ಳಿಯಿಂದ ಪಹಣಿಗೆ, ಆಸ್ಪತ್ರೆಗೆ, ಸೊಸೈಟಿಗೆ ಬಂದವರಿಗೆ ಬಸ್ಸು ಮೂರೂವರೆಗೆ. ಒಂದು ಗಂಟೆಯಿಂದ ಅಲ್ಲಿಯವರೆಗೆ ಅಂಗಡಿ ಕಟ್ಟೆಯ ಮೇಲೆ ಕೂತಿರುತ್ತಾರೆ. ಪಾರ್ಕಿಗೆ ಬೀಗ. ಕೇಳಿದರೆ ಕುಡುಕರ ಕಾಟ ಅನ್ನುತ್ತಾರೆ. ಕಾಟ ಸುಳ್ಳಲ್ಲ, ನಾವೂ ಬಾಟಲಿ ಚೂರು ಹೆಕ್ಕಿದ್ದೇವೆ. ಆದರೆ ಅದು ಜಾಸ್ತಿ ಇರುವುದು ಬೀಗ ಹಾಕಿ ಯಾರೂ ಬಾರದ ಪಾರ್ಕಿನಲ್ಲೇ. ಮಕ್ಕಳು, ಮುದುಕರು ಓಡಾಡುವ ಕಡೆ ಕುಡಿಯಲು ಕೂರುವವರಿಗೆ ಮುಜುಗರವಾಗುತ್ತದೆ.

ಅಪ್ಪಿಕೋದವರ ಘೋಷಣೆಯಲ್ಲಿ ಮೂರು ಮಾತಿದ್ದವು: ಉಳಿಸು, ಬೆಳೆಸು, ಬಳಸು. ಪೇಟೆಯ ಪಾರ್ಕುಗಳಲ್ಲಿ ಮೊದಲ ಎರಡಕ್ಕೆ ಬೋರ್ಡು ಇದೆ. ಮೂರನೆಯದರ ಜಾಗದಲ್ಲಿ 'ಹುಲ್ಲಿನ ಮೇಲೆ ನಡೆಯಬಾರದು, ಆಟ ಆಡಬಾರದು, ಹೂವು ಕೀಳಬಾರದು' ಅಂತ ಇನ್ನೊಂದು ಬೋರ್ಡು. ಬಕುಳದ ಹೂವು ಹೆಕ್ಕಲು ಬರುವ ಅಜ್ಜಿಯನ್ನು ಒಳಗೆ ಬಿಡಿ. ಆ ಮರ ಒಣಗಿದರೆ ಮೊದಲು ಹೇಳುವವರು ಅವರೇ.

ಸ್ವಯಂಸೇವಕರಿಗೂ ಆಡಳಿತಕ್ಕೂ ನಡುವೆ ಯಾವ ರೀತಿಯ ಒಪ್ಪಂದ ಬೇಕು? ಬೆಂಗಳೂರನ್ನು ನೋಡಿ 'ಪಾರ್ಕು ದತ್ತು ಕೊಡಿ' ಅನ್ನುವವರಿದ್ದಾರೆ. ದತ್ತು ಅಂದರೆ ಯಾವುದೋ ಕಂಪನಿ ಬಂದು ದೊಡ್ಡ ಬೋರ್ಡು ಹಾಕುವುದು ಅಂತ ಆಗಿದೆ. ಶಿರಸಿ, ಕಾರವಾರದಲ್ಲಿ ಅಂಥ ಕಂಪನಿಗಳು ಎಷ್ಟಿವೆ? ನಮ್ಮ ಜಿಲ್ಲೆಯಲ್ಲೇ ಇದಕ್ಕಿಂತ ಹಳೆಯ ಒಂದು ಪದ್ಧತಿ ಇದೆ, ಸೊಪ್ಪಿನ ಬೆಟ್ಟ. ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ. ನೆಲ ಸರ್ಕಾರದ್ದು. ಸೊಪ್ಪು, ದರಕು ತರುವ ಹಕ್ಕು ತೋಟದವರದು. ಮರ ಕಡಿಯುವಂತಿಲ್ಲ, ಮಾರುವಂತಿಲ್ಲ. ಒಡೆತನ ಕೊಡದೆ ಬಳಕೆಯ ಹಕ್ಕನ್ನು ಕಾಗದದಲ್ಲಿ ಬರೆದುಕೊಟ್ಟ ವ್ಯವಸ್ಥೆ ಅದು.

ಎಲ್ಲ ಬೆಟ್ಟವೂ ಚೆನ್ನಾಗಿಲ್ಲ, ಒಪ್ಪುತ್ತೇನೆ. ಸೊಪ್ಪು ಸವರಿ ಸವರಿ ಬೋಳಾದವು ಇವೆ. ಸುತ್ತ ಅಗಳ (ಕಂದಕ) ತೋಡಿ, ದಾರಿಗೆ ದಣಪೆ (ಬೇಲಿಯ ಗೇಟು) ಹಾಕಿ, ಸರದಿಯಲ್ಲಿ ಸೊಪ್ಪು ಕಡಿದು ಕಾಡಿನಂತೆ ಇಟ್ಟುಕೊಂಡವೂ ಇವೆ. ಒಂದೇ ಕಾನೂನು, ಎರಡು ಫಲ. ಎಲ್ಲೆ ಗೊತ್ತಿದ್ದು, ಯಾರ ಪಾಲು ಅನ್ನುವುದು ಗೊತ್ತಿದ್ದು, ಪಕ್ಕದವರ ಕಣ್ಣು ಇರುವ ಕಡೆ ಬೆಟ್ಟ ಉಳಿದಿದೆ ಅನ್ನುವುದು ನನ್ನ ಗಮನಕ್ಕೆ ಬಂದದ್ದು. 1993ರ ಆದೇಶದಿಂದ ಶುರುವಾದ ಗ್ರಾಮ ಅರಣ್ಯ ಸಮಿತಿಗಳಲ್ಲೂ ಇಲಾಖೆ ಮತ್ತು ಊರಿನ ನಡುವೆ ಕರಾರು ಇತ್ತು. ಯೋಜನೆಯ ಹಣ ಮುಗಿದ ಮೇಲೆ ಹಲವು ಸಮಿತಿಗಳು ಹೆಸರಿಗಷ್ಟೇ ಉಳಿದವು. ಕರಾರು ಇದ್ದರೆ ಸಾಕು ಅಂತ ನಾನು ಹೇಳುತ್ತಿಲ್ಲ. ಅದೂ ಇಲ್ಲದಿದ್ದರೆ ಕೀಲಿ ಕೇಳಲು ಹೋದವನ ಕೈಯಲ್ಲಿ ಏನೂ ಇರುವುದಿಲ್ಲ.

ಒಂದು ಪುಟ ಸಾಕು. ಪಾರ್ಕಿನ ನಾಲ್ಕು ಗಡಿ. ನೀರು ಎಲ್ಲಿಂದ, ಮೋಟರಿನ ಕರೆಂಟ್ ಬಿಲ್ ಯಾರದು, ರಿಪೇರಿ ಯಾರದು. ಕೀಲಿ ಎರಡು, ಒಂದು ಕಚೇರಿಯಲ್ಲಿ, ಒಂದು ಬಡಾವಣೆಯವರ ಹತ್ತಿರ. ಕಾಂಕ್ರೀಟು ಹಾಕುವ ಮೊದಲು ಅಲ್ಲಿ ಕೆಲಸ ಮಾಡುವವರನ್ನು ಕೇಳಬೇಕು. ಮೂರು ವರ್ಷಕ್ಕೊಮ್ಮೆ ಹೊಸ ಸಹಿ. ಕರೆಂಟ್ ಬಿಲ್ಲು ಮತ್ತು ಒಬ್ಬ ಆಳಿನ ಅರ್ಧ ದಿನದ ಕೂಲಿಯನ್ನು ಸ್ಥಳೀಯ ಸಂಸ್ಥೆ ತನ್ನ ಸ್ವಂತ ತೆರಿಗೆಯ ಹಣದಿಂದ ಕೊಡಬೇಕು. ಇದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಸ್ವಯಂಸೇವಕರು ಇದ್ದಾರೆ ಅಂತ ಆಳನ್ನೇ ತೆಗೆದರೆ ಅದು ಉಳಿತಾಯವಲ್ಲ, ಏಪ್ರಿಲ್‌ನ ಆ ಮೂವರ ಬೆನ್ನ ಮೇಲೆ ಹೊರಿಸುವುದು ಅಷ್ಟೇ.

ಕಾನೂನಿನ ಬಲ ನಮಗಿಲ್ಲ ಅಂತೇನಿಲ್ಲ. ಕರ್ನಾಟಕದಲ್ಲಿ ಉದ್ಯಾನ, ಆಟದ ಮೈದಾನ, ಬಯಲು ಜಾಗ ಕಾಪಾಡಲು 1985ರದೇ ಒಂದು ಕಾಯ್ದೆ ಇದೆ. ಅದರಲ್ಲಿ ಇಂಥ ಜಾಗಗಳ ಪಟ್ಟಿ ಮಾಡುವ ಮಾತಿದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಕ್ಕಪಕ್ಕದವರು ಕೋರ್ಟಿಗೆ ಹೋದರು. 1991ರಲ್ಲಿ ಬಿ.ಎಸ್. ಮುದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆಯನ್ನು ಒಪ್ಪಲಿಲ್ಲ. ಅಲ್ಲಿ ವಾಸಿಸುವವರಿಗೆ ಪ್ರಶ್ನಿಸುವ ಹಕ್ಕಿದೆ ಅಂತಲೂ ಹೇಳಿತು. 'ನೀವು ಯಾರು' ಅನ್ನುವ ಪ್ರಶ್ನೆಗೆ ಅಲ್ಲೇ ಅರ್ಧ ಉತ್ತರ ಇದೆ. ಹಾಗಾಗಿ ಗಿಡ ತರುವ ಮೊದಲು ಬಡಾವಣೆಯವರು ಮಾಡಬೇಕಾದ ಕೆಲಸ ಒಂದು ಅರ್ಜಿ ಬರೆಯುವುದು. ಅನುಮೋದಿತ ನಕ್ಷೆಯ ಪ್ರತಿ ಕೊಡಿ, ಹಸ್ತಾಂತರ ಆಗಿದೆಯೇ ತಿಳಿಸಿ, ಅಂತ. ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಖರ್ಚು 10 ರೂಪಾಯಿ ಮತ್ತು ಜೆರಾಕ್ಸಿನ ಹಣ.

ನಮ್ಮ ಅರ್ಜಿ ಹೋಗಿದೆ. ನಕ್ಷೆ ಬಂತು. ಪಾರ್ಕು ನಾವು ಅಂದುಕೊಂಡದ್ದಕ್ಕಿಂತ ಒಂದೂವರೆ ಗುಂಟೆ ದೊಡ್ಡದಿದೆ, ಆ ಒಂದೂವರೆ ಗುಂಟೆಯಲ್ಲಿ ಈಗ ಯಾರದೋ ಕಾರ್ ಶೆಡ್ ಇದೆ. ಬಾವಿಯಿಂದ ನಮಗೆ ನೀರು ಕೊಟ್ಟವರು ಅವರೇ. ಈ ಭಾನುವಾರ ಅವರ ಹತ್ತಿರ ಮಾತಾಡಲು ಯಾರು ಹೋಗುವುದು ಅಂತ ಇನ್ನೂ ತೀರ್ಮಾನವಾಗಿಲ್ಲ.